ಸತ್ಯಾಂಶ: ಸಿಮೆಂಟ್ ಬಳಿದರೆ ಹಳೆಯ ಇಟ್ಟಿಗೆ ಗೋಡೆಯ ತೇವ ನಿಲ್ಲುತ್ತದೆಯೇ?

"ತೋಟದ ಮನೆಯ ಹಳೇ ಗೋಡೆಗೆ ತೇವ ಏರುತ್ತಿದ್ದರೆ ಗಾರೆ ಕಿತ್ತು ಸಿಮೆಂಟ್ ಬಳಿಸಿ, ಮನೆ ಗಟ್ಟಿಯಾಗುತ್ತದೆ" ಎಂಬ ಸಂದೇಶ ಕೋಲಾರ, ಮಾಲೂರು ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಸುಣ್ಣದ ಗಾರೆಯ ಗೋಡೆ ನೆಲದಿಂದ ಹೀರಿದ ನೀರನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ಆಗ ನೀರು ಇನ್ನೂ ಮೇಲಕ್ಕೇರುತ್ತದೆ. ಜೊತೆಗೆ ಬಂದ ಉಪ್ಪು ಇಟ್ಟಿಗೆಯೊಳಗೆ ಹರಳುಗಟ್ಟಿ ಅದನ್ನು ಪುಡಿಯಾಗಿಸುತ್ತದೆ. ಹೊರಗೆ ಗಟ್ಟಿಯಾಗಿ ಕಾಣುವ ಗೋಡೆ ಒಳಗೆ ಸವೆಯುವುದು ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ, ಆತಂಕದ ಸಂಗತಿ ಅದೇ.

ಮೊದಲು ನೀರಿನ ಮೂಲ ನೋಡಿ. ಸೂರಿನ ನೀರು ಬುಡಕ್ಕೆ ಬೀಳುತ್ತಿದೆಯೇ? ಅಂಗಳದ ಮಣ್ಣು ಕಲ್ಲಿನ ತಳಪಾಯವನ್ನು ಮುಚ್ಚಿದೆಯೇ? ಅದನ್ನು ಸರಿಪಡಿಸದೆ ಗೋಡೆ ಮುಟ್ಟಬೇಡಿ.

ಆಮೇಲೆ ಇಟ್ಟಿಗೆಗಳ ನಡುವಿನ ಸಂದುಗಳನ್ನು ಸುಮಾರು 20 ಮಿ.ಮೀ. ಆಳ ಕೆದಕಿ, ನೀರು ಚಿಮುಕಿಸಿ. ನೀರಿನಲ್ಲಿ ನೆನೆದು ಹದಗೊಂಡ ಸುಣ್ಣ 1 ಪಾಲು, ತೊಳೆದ ಮರಳು 3 ಪಾಲು ಸೇರಿಸಿದ ಗಾರೆ ತುಂಬಿ. ಗೋಡೆಯ ಮೈಗೆ ಬಳಿಯುವ ಮೇಲ್ಗಾರೆಯ ಒಂದು ಪದರ 10 ಮಿ.ಮೀ. ಮೀರಬಾರದು, ದಪ್ಪ ಬಳಿದರೆ ಬಿರುಕು ಬಿಡುತ್ತದೆ. ಕನಿಷ್ಠ ಒಂದು ವಾರ ಒದ್ದೆ ಗೋಣಿ ಹೊದಿಸಿ. ಬಣ್ಣವೂ ಸುಣ್ಣದ್ದೇ ಇರಲಿ, ಪ್ಲಾಸ್ಟಿಕ್ ಎಮಲ್ಷನ್ ಬೇಡ.

ಈಗಾಗಲೇ ಸಿಮೆಂಟ್ ಬಳಿದಿದ್ದರೆ ತಟ್ಟಿ ನೋಡಿ, ಟೊಳ್ಳು ಸದ್ದು ಬರುವ ಕಡೆ ಮಾತ್ರ ಮೊದಲು ತೆಗೆಯಿರಿ. ಬಿಗಿಯಾಗಿ ಹಿಡಿದಿರುವುದನ್ನು ಉಳಿಯಿಂದ ಎಬ್ಬಿಸಿದರೆ ಇಟ್ಟಿಗೆಯ ಮುಖವೇ ಕಿತ್ತು ಬರುತ್ತದೆ.