ಗೀತೆಗೆ ಅರ್ಥ ಒಂದೇನಾ?

ಮೊನ್ನೆ ಹಾಸನದಲ್ಲಿ ಒಂದು ಗೀತಾ ಪಠಣ ಕಾರ್ಯಕ್ರಮ. ಭಾಷಣಕಾರರೊಬ್ಬರು "ಗೀತೆಗೆ ಇರೋದು ಒಂದೇ ಅರ್ಥ, ಉಳಿದದ್ದೆಲ್ಲ ತಿರುಚಿದ್ದು" ಅಂದರು. ಜೋರು ಚಪ್ಪಾಳೆ. ನನಗೆ ಮಾತ್ರ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ.

ಹದಿನೆಂಟನೇ ಅಧ್ಯಾಯದ 66ನೇ ಶ್ಲೋಕ ನೋಡಿ. 'ಸರ್ವಧರ್ಮಾನ್ ಪರಿತ್ಯಜ್ಯ ಮಾಮೇಕಂ ಶರಣಂ ವ್ರಜ.' ಎಲ್ಲ ಧರ್ಮ ಬಿಟ್ಟು ನನಗೊಬ್ಬನಿಗೇ ಶರಣಾಗು ಅಂತಾನೆ ಕೃಷ್ಣ. ಸರಿ, ಬಿಡಬೇಕಾದ್ದು ಏನನ್ನು? ಶಂಕರರ ಪ್ರಕಾರ ಕರ್ಮಗಳನ್ನೇ, ಪಾಪದ್ದು ಪುಣ್ಯದ್ದು ಎರಡನ್ನೂ. ರಾಮಾನುಜರು ಹಾಗಲ್ಲ ಅನ್ನುತ್ತಾರೆ. ಕರ್ಮ ಮಾಡುತ್ತಲೇ ಇರಬೇಕು, ಫಲದ ಆಸೆ ಮತ್ತು 'ನಾನು ಮಾಡಿದೆ' ಅನ್ನೋದು ಹೋಗಬೇಕು. ಅಷ್ಟಕ್ಕೇ ನಿಲ್ಲಿಸದೆ ಅದೇ ಶ್ಲೋಕಕ್ಕೆ ಹೀಗೂ ಅರ್ಥ ಹೇಳಬಹುದು ಅಂತ ಇನ್ನೊಂದು ವಿವರಣೆಯನ್ನೂ ಕೊಡುತ್ತಾರೆ: ಪಾಪ ಕಳೆಯೋ ಪ್ರಾಯಶ್ಚಿತ್ತಗಳ ಗೋಜು ಬಿಟ್ಟು ಶರಣಾಗು ಅಂತ. ಆಚಾರ್ಯರೇ ಒಂದು ಶ್ಲೋಕಕ್ಕೆ ಎರಡು ಅರ್ಥ ಬರೆದಿದ್ದಾರೆ. ಮೈಕ್ ಹಿಡಿದವರಿಗೆ ಇಷ್ಟು ಅವಸರ ಯಾಕೋ!

ತಿಲಕರು ಮಂಡಾಲೆ ಜೈಲಿನಲ್ಲಿ ಕೂತು ಇದೇ ಗೀತೆಯಲ್ಲಿ ಕರ್ಮಯೋಗ ಕಂಡರು, 1915ರಲ್ಲಿ ಅದು ಪುಸ್ತಕವಾಯಿತು. ಗಾಂಧೀಜಿಗೆ ಕುರುಕ್ಷೇತ್ರ ಅಂದರೆ ಮನುಷ್ಯನ ಎದೆಯೊಳಗಿನ ಯುದ್ಧ. ಅವರನ್ನು ಕೊಂದವನೂ ಗೀತೆಯನ್ನು ನಂಬಿದವನೇ.

ಹಾಗಾದ್ರೆ ಯಾರು ಏನು ಬೇಕಾದರೂ ಅರ್ಥ ಹೇಳಬಹುದಾ? ಖಂಡಿತ ಇಲ್ಲ. ಭಾಷ್ಯ ಬರೆಯೋರಿಗೆ ಒಂದು ಕಟ್ಟುಪಾಡು ಇತ್ತು. ಮೊದಲು ಪೂರ್ವಪಕ್ಷ. ಅಂದರೆ ಎದುರಿನವನ ವಾದವನ್ನು ಅರ್ಧಂಬರ್ಧ ಅಲ್ಲ, ಪೂರ್ತಿಯಾಗಿ ಮಂಡಿಸಬೇಕು. ಆಮೇಲೆ ತನ್ನ ಸಿದ್ಧಾಂತ. ವ್ಯಾಕರಣ ಒಪ್ಪಬೇಕು, ಹಿಂದಿನ ಮುಂದಿನ ಮಾತಿಗೆ ತಾಳೆಯಾಗಬೇಕು. ಶಂಕರರು, ರಾಮಾನುಜರು, ಮಧ್ವರು ಮೂವರೂ ತಮ್ಮದೇ ಸರಿ ಅಂದವರೇ, ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ವಾದ ಮಾಡಿಯೇ ಹಾಗಂದರು. ನಮ್ಮ ವಾಟ್ಸಾಪ್‌ಗೆ ಬರೋದು ಅರ್ಧ ಶ್ಲೋಕ, ಹಿಂದೆ ಸೂರ್ಯೋದಯದ ಫೋಟೋ, ಕೆಳಗೆ 'ಹತ್ತು ಜನರಿಗೆ ಕಳಿಸಿ'. ಪೂರ್ವಪಕ್ಷ ಎಲ್ಲಿ? ಕೇಳಿದರೆ ಗ್ರೂಪಿಂದಲೇ ಹೊರಗೆ ಹಾಕುತ್ತಾರೆ.

ತಮ್ಮದೇ ಸರಿ ಅಂತ ನಂಬಿದವರೂ ಒಂದೇ ಊರಲ್ಲಿ ಬಾಳಬೇಕಲ್ವಾ? ನಮ್ಮ ಜಿಲ್ಲೆಯದೇ ಉದಾಹರಣೆ ಇದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳವಾಗಿ ದೂರು ವಿಜಯನಗರದ ಅರಸ ಬುಕ್ಕರಾಯನ ಹತ್ತಿರ ಹೋಯಿತು. ಯಾರ ಗ್ರಂಥ ಸರಿ ಅನ್ನೋ ತಂಟೆಗೇ ಅವನು ಹೋಗಲಿಲ್ಲ. ಎರಡೂ ದರ್ಶನಗಳಿಗೆ ಭೇದವಿಲ್ಲ ಅಂದ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇಟ್ಟ. ಪಂಚಮಹಾವಾದ್ಯ, ಕಳಶದ ಮರ್ಯಾದೆ ಜೈನರಿಗೂ ಸಲ್ಲಬೇಕು ಅಂತ ಕಟ್ಟಳೆ ಮಾಡಿದ. ಶ್ರವಣಬೆಳಗೊಳದ ದೇವರಿಗೆ 20 ಕಾವಲಾಳು ನೇಮಿಸೋ ಹೊಣೆ ಬಿದ್ದದ್ದು ಯಾರ ಮೇಲೆ? ವೈಷ್ಣವರ ಮೇಲೆ! ಖರ್ಚಿಗೆ ಹಣ ಜೈನರ ಮನೆಮನೆಯಿಂದ.

ಈ ಶಾಸನ ಇರೋದು ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿ. ಬೆಟ್ಟ ಹತ್ತಿ ಗೊಮ್ಮಟನ ಜೊತೆ ಸೆಲ್ಫಿ ತಗೊಂಡು ಸೀದಾ ಬಸ್ ಹತ್ತಬೇಡಿ, ಊರೊಳಗಿನ ಆ ಬಸದಿಗೂ ಒಂದು ಸಲ ಹೋಗಿಬನ್ನಿ.