ಅದುಮಿ ನೋಡುವವರು

ನಿಂತ ಕಾರಿನ ಒಂದು ಮೂಲೆ ಕೊಂಚ ತಗ್ಗಿದಂತೆ ಕಂಡರೆ ಸಾಕು, ದಾರಿಹೋಕರಲ್ಲಿ ಒಬ್ಬರಾದರೂ ಬಳಿಗೆ ಬಂದು, ಡಿಕ್ಕಿಯ ಮೇಲೆ ಅಂಗೈಯೂರಿ ಎರಡು ಸಲ ಬಲವಾಗಿ ಅದುಮಿ, ‘ಸ್ಪ್ರಿಂಗ್ ವೀಕ್ ಆಗಿದೆ’ ಎಂದು ತೀರ್ಪು ಕೊಟ್ಟೇ ಮುಂದೆ ಹೋಗುತ್ತಾರೆ. ನನ್ನ ಕಾರಿಗೆ ಈ ಸೇವೆ ಕೇಳದೆಯೇ ಧಾರಾಳವಾಗಿ ಸಲ್ಲುತ್ತಿದೆ. ಅದುಮಿದಾಗ ಏನಾದರೂ ತಿಳಿಯುವುದಿದ್ದರೆ ಅದು ಕುಲುಕಾಟವನ್ನು ತಣಿಸುವ ಶಾಕ್ ಅಬ್ಸಾರ್ಬರಿನ ಸ್ಥಿತಿಯೇ ಹೊರತು ಸ್ಪ್ರಿಂಗಿನದಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಮತ್ತೊಮ್ಮೆ ಅದುಮಿರುತ್ತಾರೆ.

ಸ್ಪ್ರಿಂಗ್ ಸೋಲುವ ಬಗೆಯೂ ಅವರೆಣಿಸಿದಂತಿಲ್ಲ. ಅದರ ಗಡಸುತನ ತಂತಿಯ ದಪ್ಪ, ಸುರುಳಿಯ ಅಗಲ, ಸುತ್ತುಗಳ ಸಂಖ್ಯೆ ಮತ್ತು ಉಕ್ಕಿನ ಗುಣಕ್ಕೆ ಸೇರಿದ್ದು. ತುಕ್ಕು ತಂತಿಯನ್ನು ತಿನ್ನದ ಹೊರತು ವರ್ಷಗಳು ಕಳೆದರೂ ಅದು ಹೆಚ್ಚೇನೂ ಬದಲಾಗದು. ಇಳಿಯುವುದು ಎತ್ತರ. ಹಗಲೂ ರಾತ್ರಿಯೂ ಕಾರನ್ನು ಹೊತ್ತು ನಿಂತ ಉಕ್ಕು ಹಿಂದಿರುಗಲಾರದ ಹಾಗೆ ಕೂದಲೆಳೆಯಷ್ಟು ಕುಗ್ಗುತ್ತ ಹೋಗುತ್ತದೆ.

ಇಲ್ಲಿ ಹದಿನೇಳನೆಯ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ ಮಹಾಶಯನನ್ನು ನೆನೆಯದೆ ಮುಂದೆ ಹೋಗಲು ನನ್ನಿಂದಾಗದು. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟೇ ಪ್ರಮಾಣದಲ್ಲಿ ಅದು ಪ್ರತಿರೋಧಿಸುತ್ತದೆ ಎಂಬ ನಿಯಮವನ್ನು 1660ರ ಸುಮಾರಿಗೇ ಕಂಡುಕೊಂಡಿದ್ದೆನೆಂದು ಹೇಳಿಕೊಂಡ ಈತ, ಯಾವುದೋ ಉಪಯೋಗಕ್ಕೆ ತರುವ ಆಲೋಚನೆಯಿಂದ ಅದನ್ನು ಮುಚ್ಚಿಟ್ಟುಕೊಂಡು ಕುಳಿತ. 1675ರಲ್ಲಿ ಡಚ್ ವಿಜ್ಞಾನಿ ಹಾಯ್ಗನ್ಸ್ ಸ್ಪ್ರಿಂಗ್ ಗಡಿಯಾರವನ್ನು ಪ್ರಕಟಿಸಿದಾಗ, ಆ ಉಪಾಯ ಮೊದಲು ತನ್ನದೆಂದು ರೇಗಾಡಿದ. ಮರುವರ್ಷ, ನಿಯಮ ತನ್ನದೆಂಬುದಕ್ಕೆ ದಾಖಲೆಯೂ ಇರಬೇಕು, ಯಾರಿಗೂ ಅರ್ಥವೂ ಆಗಬಾರದು ಎಂಬ ಹಂಚಿಕೆಯಿಂದ, ಅದನ್ನು ಹೇಳುವ ಲ್ಯಾಟಿನ್ ವಾಕ್ಯದ ಹದಿನಾಲ್ಕು ಅಕ್ಷರಗಳನ್ನು ಅಕಾರಾದಿಯಾಗಿ ಪೇರಿಸಿ ಅಚ್ಚು ಹಾಕಿಸಿದ. ಒಗಟನ್ನು ಬಿಡಿಸಿದ್ದು 1678ರಲ್ಲಿ, ಅದೂ ತಾನೇ. ನ್ಯೂಟನ್ನನೊಂದಿಗೂ ಜಗಳವಾಡಿದ ಈ ಮನುಷ್ಯನದೆಂದು ಖಚಿತವಾಗಿ ಹೇಳಬಹುದಾದ ಒಂದು ಚಿತ್ರವೂ ಇಂದು ಉಳಿದಿಲ್ಲ. ಆದರೂ, ತಿಳಿದದ್ದನ್ನು ಹದಿನೆಂಟು ವರ್ಷ ಬಾಯಿ ಬಿಡದೆ ಇಟ್ಟುಕೊಂಡವನನ್ನು ತಿಳಿಯದ್ದನ್ನು ಬೀದಿಯಲ್ಲಿ ಸಾರುವವರಿಗಿಂತ ಎಷ್ಟೋ ವಾಸಿ ಎಂದು ನಾನು ಬಗೆಯುತ್ತೇನೆ.

ಹುಕ್‌ನ ನಿಯಮಕ್ಕೊಂದು ಮಿತಿಯಿದೆ, ಆ ಮಿತಿಯ ಅಂಚಿನಲ್ಲೇ ಕಾರಿನ ಸ್ಪ್ರಿಂಗಿನ ರಹಸ್ಯವಿದೆ ಎಂದು ಹೇಳಬೇಕೆಂದಿದ್ದೆ. ಆದರೆ ಹುಕ್ ಜಾಗವನ್ನೆಲ್ಲ ನುಂಗಿಬಿಟ್ಟ. ಸ್ಪ್ರಿಂಗ್ ಕುಗ್ಗಿದೆಯೇ ಎಂಬ ಪರೀಕ್ಷೆಗೆ ಬೇಕಾದದ್ದು ಅಳತೆಯ ಟೇಪು, ಸಮತಟ್ಟಾದ ನೆಲ, ಖಾಲಿ ಡಿಕ್ಕಿ, ಸರಿಯಾಗಿ ಗಾಳಿ ತುಂಬಿದ ಟೈರುಗಳು. ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡಿನ ಅಂಚಿನವರೆಗೆ ಎಡಕ್ಕೂ ಬಲಕ್ಕೂ ಅಳೆದು, ತಯಾರಕರು ಕೊಟ್ಟ ಅಳತೆಯೊಡನೆ ಹೋಲಿಸಿದರೆ ಸತ್ಯ ಹೊರಬೀಳುತ್ತದೆ. ಆಮೇಲೆ ಟಾರ್ಚು ಹಿಡಿದು ಕೆಳಗಿನ ಸುತ್ತನ್ನು ನೋಡಬೇಕು. ಕಲ್ಲು ತಾಗಿ ಬಣ್ಣ ಎದ್ದ ಕಡೆ ಕೆಸರು ಕೂತು, ತುಕ್ಕು ಸೂಜಿಮೊನೆಯಂಥ ಗುಳಿಗಳನ್ನು ಕೊರೆದಿರುತ್ತದೆ. ಬಿರುಕು ಹುಟ್ಟುವುದು ಅಲ್ಲಿಯೇ. ಕಡೆಯ ಸುತ್ತಿನ ತುದಿ ಮುರಿದರೂ ಚೂರು ಸ್ಪ್ರಿಂಗ್ ಕೂರುವ ತಟ್ಟೆಯೊಳಗೇ ಅಡಗಿ ಕುಳಿತು, ರಸ್ತೆಯ ಉಬ್ಬಿನ ಮೇಲೆ ‘ಟಣ್’ ಎಂದಷ್ಟೇ ಅನ್ನುತ್ತದೆ. ಮುರಿದ ಕೊನೆ ಹೊರಚಾಚಿದರೆ ಟೈರನ್ನೇ ಸೀಳಬಹುದು.

ಲಾರಿಯ ಪಟ್ಟಿಯ ಸ್ಪ್ರಿಂಗನ್ನು ಬಿಚ್ಚಿ ಮತ್ತೆ ಬಾಗಿಸಿ ಹದ ಮಾಡುವವರಿದ್ದಾರೆ. ಸುರುಳಿಯ ಸ್ಪ್ರಿಂಗಿಗೆ ಆ ಭಾಗ್ಯವಿಲ್ಲ. ಅದರ ಸುತ್ತುಗಳ ನಡುವೆ ರಬ್ಬರ್ ತುರುಕಿ ಕಾರನ್ನು ಎತ್ತರಿಸಿದೆನೆಂದು ಬೀಗುವವರನ್ನು ಕಂಡರೆ ನನಗೆ ಮೈಯುರಿಯುತ್ತದೆ: ಆ ಎರಡು ಸುತ್ತುಗಳು ಕೆಲಸ ನಿಲ್ಲಿಸುತ್ತವೆ, ಉಳಿದವು ಅವುಗಳ ಪಾಲನ್ನೂ ದುಡಿಯುತ್ತವೆ. ಬದಲಿಸುವುದೇ ದಾರಿ, ಅದೂ ಜೋಡಿಯಾಗಿ. ಮುಂಚಕ್ರದ ಸ್ಟ್ರಟ್‌ನಲ್ಲಿರುವ, ಅಂದರೆ ಶಾಕ್ ಅಬ್ಸಾರ್ಬರಿನೊಡನೆ ಒಂದಾಗಿ ಜೋಡಿಸಿರುವ, ಸ್ಪ್ರಿಂಗು ಕಾರನ್ನು ಜಾಕಿನ ಮೇಲೆತ್ತಿದರೂ ಒತ್ತಿಕೊಂಡೇ ಇರುವುದರಿಂದ, ಸ್ಪ್ರಿಂಗನ್ನು ಅದುಮಿ ಹಿಡಿಯುವ ಕಂಪ್ರೆಸರ್ ಎಂಬ ಉಪಕರಣ ಹಾಕಿ ಬಿಗಿಹಿಡಿಯದೆ ಮೇಲಿನ ನಟ್ಟಿಗೆ ಕೈ ಹಚ್ಚಿದರೆ ಮೂಳೆ ಮುರಿಯುವಷ್ಟು ರಭಸದಿಂದ ಸಿಡಿಯುತ್ತದೆ. ಹೊಸದು ಕೂತ ಮೇಲೆ ಎತ್ತರದೊಂದಿಗೆ ಚಕ್ರದ ವಾಲುವಿಕೆಯೂ ಬದಲಾಗುವುದರಿಂದ ಅಲೈನ್‌ಮೆಂಟನ್ನೂ ಸರಿಪಡಿಸಬೇಕು. ಅದರ ಬಿಲ್ಲು ಬೇರೆ ಎಂದು ಮೊದಲೇ ಹೇಳುವ ಪುಣ್ಯಾತ್ಮ ಇನ್ನೂ ನನಗೆ ಸಿಕ್ಕಿಲ್ಲ.