ಸರ್ಪಸುತ್ತಿಗೆ ಔಷಧಿ ಕೊಟ್ಟವರು ಯಾರೂ ಸೋಲುವುದಿಲ್ಲ

ಸರ್ಪಸುತ್ತಿಗೆ ಔಷಧಿ ಕೊಡುವವರ ಹೆಸರು ಕೆಡುವುದೇ ಇಲ್ಲ, ಗಮನಿಸಿದ್ದೀರಾ? ಕೆಮ್ಮಣ್ಣು ಹಚ್ಚುವವರು, ಮಂತ್ರ ಹಾಕುವವರು, ಗರಿಕೆ ರಸ ಹಿಂಡುವವರು, ಕೇಳಿದ ತಕ್ಷಣ ಒಂದು ಟ್ಯೂಬ್ ತೆಗೆದುಕೊಡುವ ಮೆಡಿಕಲ್ ಶಾಪಿನವರು, ಎಲ್ಲರ ಕೈಗುಣವೂ ಚೆನ್ನಾಗಿಯೇ ಇರುತ್ತದೆ. ಯಾಕೆ ಅಂದರೆ ಏನೂ ಮಾಡದಿದ್ದರೂ ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ಒಣಗುತ್ತದೆ, ಹಕ್ಕಳೆ ಉದುರುತ್ತದೆ, ಚರ್ಮ ಮಾಯುತ್ತದೆ. ಅಷ್ಟರಲ್ಲಿ ಯಾರು ಏನು ಹಚ್ಚಿದ್ದರೋ ಕೀರ್ತಿ ಅವರಿಗೆ. ಆಮೇಲೂ ಉಳಿಯುವ ನೋವು ಮಾತ್ರ ಯಾರ ಲೆಕ್ಕಕ್ಕೂ ಸೇರುವುದಿಲ್ಲ. "ವಯಸ್ಸಾಯ್ತಲ್ಲ" ಅಂತ ಅದನ್ನು ವಯಸ್ಸಿನ ತಲೆಗೆ ಕಟ್ಟಿಬಿಡುತ್ತೇವೆ.

ಆ ನೋವಿನ ಪರವಾಗಿ ಸ್ವಲ್ಪ ಜಗಳ ಆಡೋಣ ಅಂತ ಈ ಬರಹ. ಉದ್ದ ಇದೆ, ಪುರುಸೊತ್ತಿದ್ದರೆ ಓದಿ.

ಮೊದಲು ಒಂದು ವಿಷಯ. ಸರ್ಪಸುತ್ತು ಹೊಸದಾಗಿ ಹೊರಗಿನಿಂದ ಅಂಟಿಕೊಂಡು ಬರುವುದಲ್ಲ. ಚಿಕ್ಕವರಿದ್ದಾಗ ನಮಗೆಲ್ಲ "ಅಮ್ಮ" ಆಗಿತ್ತಲ್ಲ, ಬೇವಿನ ಸೊಪ್ಪಿನ ಮೇಲೆ ಮಲಗಿಸಿ, ಮನೆಯಲ್ಲಿ ಒಗ್ಗರಣೆ ನಿಲ್ಲಿಸಿ, ಆಮೇಲೆ ಒಂದು ದಿನ ತಲೆಗೆ ನೀರು ಹಾಕಿ ಮುಗಿಯಿತು ಅಂದುಕೊಂಡಿದ್ದರಲ್ಲ, ಆ ಸೀತಾಳೆ ಸಿಡುಬಿನ ವೈರಸ್ಸೇ ಇದು. ಚಿಕನ್ ಪಾಕ್ಸ್ ಅಂದರೂ ಅದೇ. ಮುಗಿದಿದ್ದು ಗುಳ್ಳೆ ಮಾತ್ರ. ವೈರಸ್ ನರದ ದಾರಿ ಹಿಡಿದು ಹೋಗಿ, ಬೆನ್ನುಹುರಿಯ ಪಕ್ಕದಲ್ಲಿ ನರದ ಬುಡದಲ್ಲಿರುವ ಸಣ್ಣ ಗಂಟುಗಳಲ್ಲಿ ಸೇರಿಕೊಂಡಿತು. ಅಲ್ಲಿ ನಲವತ್ತು, ಐವತ್ತು ವರ್ಷ ಸುಮ್ನೆ ಕೂತಿರುತ್ತದೆ. ವಯಸ್ಸಾದಂತೆ ಅದನ್ನು ಕಾಯುವ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ತುಂಬಾ ದಿನ ನುಂಗಿದ ಸ್ಟೀರಾಯ್ಡ್ ಮಾತ್ರೆ ಇದ್ದರೆ ಇನ್ನೂ ಬೇಗ. ಆಗ ವೈರಸ್ ಎದ್ದು ಅದೇ ನರ ಹಿಡಿದು ಚರ್ಮದ ಕಡೆಗೆ ಇಳಿಯುತ್ತದೆ.

ಇದನ್ನು ಕಂಡುಹಿಡಿದ ಕಥೆ ನನಗೆ ತುಂಬಾ ಇಷ್ಟ. ದೊಡ್ಡ ಲ್ಯಾಬಿನ ವಿಜ್ಞಾನಿ ಅಲ್ಲ, ಇಂಗ್ಲೆಂಡಿನ ಸೈರನ್‌ಸೆಸ್ಟರ್ ಅನ್ನುವ ಚಿಕ್ಕ ಊರಿನ ಫ್ಯಾಮಿಲಿ ಡಾಕ್ಟರ್, ಎಡ್ಗರ್ ಹೋಪ್-ಸಿಂಪ್ಸನ್. ತನ್ನ ಬಳಿ ಬರುವ ಸುಮಾರು 3500 ಜನರನ್ನು 16 ವರ್ಷ ಗಮನಿಸಿ, ಯಾರಿಗೆ ಯಾವಾಗ ಸರ್ಪಸುತ್ತು ಬಂತು ಅಂತ ಬರೆದಿಟ್ಟುಕೊಂಡರು. ಸಿಕ್ಕಿದ್ದು 192 ಪ್ರಕರಣ. ಇದು ಊರಲ್ಲಿ ಹರಡುವ ಕಾಯಿಲೆ ಹಾಗೆ ಗುಂಪಾಗಿ ಬರುತ್ತಿಲ್ಲ, ವಯಸ್ಸಿನ ಜೊತೆ ಏರುತ್ತಿದೆ ಅಂತ ಅವರಿಗೆ ಕಂಡಿತು. ದೂರದ ಶೆಟ್‌ಲ್ಯಾಂಡಿನ ಯೆಲ್ ದ್ವೀಪಕ್ಕೂ ಹೋಗಿ ವಿಚಾರಿಸಿಕೊಂಡು ಬಂದರು. 1965ರಲ್ಲಿ, ಹಳೆಯ ಸೀತಾಳೆ ವೈರಸ್ಸೇ ಒಳಗೆ ಅಡಗಿದ್ದು ಮತ್ತೆ ಏಳುತ್ತದೆ ಅಂತ ಬರೆದರು. ಮುಂದೆ ಲ್ಯಾಬುಗಳೂ ಅದನ್ನೇ ಸಾಬೀತು ಮಾಡಿದವು. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಎಷ್ಟು ಡಾಕ್ಟರುಗಳು ಹೀಗೆ ಊರಿಗೆ ಊರನ್ನೇ ಬಲ್ಲವರಿದ್ದಾರೆ! ಬರೆದಿಡಲು ಪುರುಸೊತ್ತು ಕೊಡುವವರಿಲ್ಲ, ಅಷ್ಟೆ.

ಇನ್ನು ಹಾವಿನ ವಿಷಯ. ಹೆಡೆ ಬಾಲ ಸೇರಿದರೆ ಪ್ರಾಣ ಹೋಗುತ್ತದೆ ಅಂತ ನಮ್ಮಲ್ಲಿ ನಂಬಿಕೆ ಇದೆಯಲ್ವಾ? ಗುಳ್ಳೆ ಬೆನ್ನಿಂದ ಶುರುವಾಗಿ ಪಕ್ಕೆ ಬಳಸಿ ಮುಂದಕ್ಕೆ ಬರುವುದನ್ನು ನೋಡಿದರೆ ಹಾಗೆ ಅನ್ನಿಸುವುದು ಸಹಜ. ಆದರೆ ಬೆನ್ನುಹುರಿಯಿಂದ ಹೊರಡುವ ನರಗಳು 31 ಜೋಡಿ. ಎಡಕ್ಕೊಂದು, ಬಲಕ್ಕೊಂದು. ವೈರಸ್ ಎದ್ದಿದ್ದು ಎಡಗಡೆಯ ಗಂಟಿನಲ್ಲಾದರೆ ಎಡಗಡೆಯ ಪಟ್ಟಿಯಲ್ಲೇ ಗುಳ್ಳೆ. ಮೈಯ ನಡುಗೆರೆಗೆ ಬಂದು ನಿಲ್ಲುತ್ತದೆ. ಈ ಪಟ್ಟಿಗಳು ಎಷ್ಟು ಕರಾರುವಾಕ್ಕು ಅಂದರೆ, 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಬೆಲ್ ಅನ್ನುವ ಇಬ್ಬರು ಡಾಕ್ಟರುಗಳು ಸರ್ಪಸುತ್ತಿನ ರೋಗಿಗಳನ್ನು ನೋಡಿಯೇ ಚರ್ಮದ ಯಾವ ಭಾಗ ಯಾವ ನರದ್ದು ಅಂತ ನಕ್ಷೆ ಬರೆದರು. ಅಂದರೆ ಹೆಡೆ ಬಾಲ ಸೇರಲಿ ಅಂತ ಕಾದರೂ ಸಾಮಾನ್ಯವಾಗಿ ಸೇರುವುದಿಲ್ಲ. ಪಟ್ಟಿ ಬಿಟ್ಟು ಮೈಯೆಲ್ಲ ಹರಡಿದರೆ ಮಾತ್ರ ನಿಜಕ್ಕೂ ಅಪಾಯ. ರೋಗನಿರೋಧಕ ಶಕ್ತಿ ತುಂಬಾ ಕುಸಿದವರಲ್ಲಿ ಹಾಗಾಗುತ್ತದೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಹಿಂದಿನವರು ಅಂಥದ್ದೊಂದನ್ನು ಕಂಡೇ ಆ ಮಾತು ಕಟ್ಟಿರಬಹುದು ಅಂತ ನನ್ನ ಊಹೆ. ಹಾಗಾಗಿ ನಂಬಿಕೆಯನ್ನು ಗೇಲಿ ಮಾಡುವ ಆಸೆ ನನಗಿಲ್ಲ.

ಗುಳ್ಳೆಗಿಂತ ಮೊದಲು ನೋವು ಬರುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ವೈರಸ್ ಇನ್ನೂ ನರದೊಳಗೇ ಇರುವಾಗ ನರ ಉರಿಯುತ್ತಿರುತ್ತದೆ. ಚರ್ಮದ ಮೇಲೆ ಏನೂ ಕಾಣುವುದಿಲ್ಲ. ಎದೆಯ ಪಟ್ಟಿಯಾದರೆ ಹಾರ್ಟ್ ಅಂತ, ಸೊಂಟದ್ದಾದರೆ ಕಿಡ್ನಿ ಕಲ್ಲು ಅಂತ ಓಡುತ್ತೇವೆ. ನನ್ನ ಸೋದರತ್ತೆಗೆ ಎಡಪಕ್ಕೆ ಹಿಡಿದಾಗ ಮೊದಲು ಗ್ಯಾಸ್ ಅಂತ ಜೀರಿಗೆ ಕಷಾಯ ಆಯಿತು. ಆಮೇಲೆ ಇಸಿಜಿ ಆಯಿತು, ನಾರ್ಮಲ್ ಬಂತು. ಅದು ಬಂದ ಸಮಾಧಾನದಲ್ಲೇ ಸ್ನಾನಕ್ಕೆ ಹೋದವರು ಬೆನ್ನಿಗೆ ಕೈ ಹಾಕಿದರೆ ಗುಳ್ಳೆ. ಸಾಸಿವೆ ಕಾಳಿನಷ್ಟು ದಪ್ಪ, ಒಂದಕ್ಕೊಂದು ಒತ್ತಿಕೊಂಡು, ಕೆಂಪು ಚರ್ಮದ ಮೇಲೆ ನೀರು ತುಂಬಿಕೊಂಡು ನಿಂತಿದ್ದವು. ರವಿಕೆ ತಾಗಿದರೆ ಜೀವ ಹೋಗುತ್ತದೆ ಅನ್ನುತ್ತಿದ್ದರು. ಫ್ಯಾನ್ ಗಾಳಿಯೂ ಬೇಡ. ಕೊನೆಗೆ ಮಾವನ ಹಳೆಯ ಪಂಚೆ ಹರಿದು ಸಡಿಲವಾಗಿ ಹೊದ್ದುಕೊಂಡು, ಬಲಮಗ್ಗುಲಾಗಿ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದರು.

ಅವರಿಗೆ ಮೊದಲು ಸಿಕ್ಕಿದ್ದು ಕೆಮ್ಮಣ್ಣಲ್ಲ, ಟ್ಯೂಬ್. ಅಂಗಡಿಯವರು ಮುಖ ಕೂಡ ಎತ್ತದೆ ಕೊಟ್ಟ ಮುಲಾಮು. ಡಬ್ಬಿ ತಿರುಗಿಸಿ ಓದಿದರೆ ಒಂದರಲ್ಲೇ ಮೂರು ಔಷಧಿ: ಒಂದು ಸ್ಟೀರಾಯ್ಡ್, ಒಂದು ಫಂಗಸ್ಸಿಗೆ, ಒಂದು ಬ್ಯಾಕ್ಟೀರಿಯಾಕ್ಕೆ. ವೈರಸ್ಸಿಗೆ ಮೂರರಲ್ಲಿ ಒಂದೂ ಅಲ್ಲ! ನನಗೆ ಕೋಪ ಬರುವುದು ಇಲ್ಲಿ. ಕೆಮ್ಮಣ್ಣು ತಂಪು ಮಾಡುತ್ತದೆ, ತೊಳೆದರೆ ಹೋಗುತ್ತದೆ. ಕೊಳೆ ಸೇರಿದರೆ ಕೀವಾಗಬಹುದು, ಅದೂ ನಿಜ. ಈ ಟ್ಯೂಬು ಮಾತ್ರ ವಿಜ್ಞಾನದ ವೇಷ ಹಾಕಿಕೊಂಡು ಬಂದಿರುವ ಕೆಮ್ಮಣ್ಣು. 2018ರಲ್ಲೇ ಕೇಂದ್ರ ಸರ್ಕಾರ ಹಚ್ಚುವ ಸ್ಟೀರಾಯ್ಡ್‌ಗಳನ್ನು ಚೀಟಿ ಇಲ್ಲದೆ ಮಾರಬಾರದು ಅಂತ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ನಮ್ಮ ಊರಿನ ಅಂಗಡಿಗಳಿಗೆ ಆ ಸುದ್ದಿ ಇನ್ನೂ ತಲುಪಿದ ಹಾಗಿಲ್ಲ.

ಸ್ಟೀರಾಯ್ಡ್ ಹಚ್ಚಿದರೆ ಕೆಂಪು ಇಳಿಯುತ್ತದೆ, ಉರಿ ಕಡಿಮೆಯಾದ ಹಾಗೆ ಅನ್ನಿಸುತ್ತದೆ. ಅದಕ್ಕೇ ಜನ ನಂಬುವುದು. ಆದರೆ ಆ ಕೆಂಪು ಯಾರದ್ದು ಅಂತ ಕೇಳಬೇಕು. ವೈರಸ್ಸಿನ ಕಾಯಿಲೆಯಲ್ಲಿ ಚರ್ಮದ ಮೇಲೆ ಕಾಣುವುದರಲ್ಲಿ ಎಷ್ಟೋ ಪಾಲು ವೈರಸ್ ಮಾಡಿದ್ದಲ್ಲ, ನಮ್ಮ ಮೈಯೇ ಮಾಡಿದ್ದು. ದಡಾರ ತೆಗೆದುಕೊಳ್ಳಿ. ಮೈಮೇಲೆ ಏಳುವ ಆ ಕೆಂಪು ಗಂಧೆ, ವೈರಸ್ ಹೊಕ್ಕ ಜೀವಕೋಶಗಳ ಮೇಲೆ ನಮ್ಮ ಟಿ ಕೋಶಗಳು, ಅಂದರೆ ರೋಗದ ವಿರುದ್ಧ ಕಾದಾಡುವ ಒಂದು ಬಗೆಯ ಬಿಳಿ ರಕ್ತಕೋಶಗಳು, ಬೀಳುವುದರಿಂದ ಆಗುವುದು. ಟಿ ಕೋಶಗಳ ಬಲವೇ ಇಲ್ಲದ ಮಕ್ಕಳಿಗೆ ದಡಾರ ಬಂದರೆ ಕೆಲವು ಸಲ ಗಂಧೆಯೇ ಏಳುವುದಿಲ್ಲ. ಚರ್ಮ ಚೆನ್ನಾಗಿ ಕಾಣುತ್ತಿರುತ್ತದೆ, ಒಳಗೆ ಶ್ವಾಸಕೋಶ ಹಾಳಾಗುತ್ತಿರುತ್ತದೆ. ಇದಕ್ಕೆ ತದ್ವಿರುದ್ಧ ನರಹುಲಿ. ಅದೂ ವೈರಸ್ಸಿಂದಲೇ, ಆದರೆ ಚರ್ಮದ ಮೇಲ್ಪದರದಲ್ಲೇ ಸದ್ದಿಲ್ಲದೆ ಇರುತ್ತದೆ. ರಕ್ತಕ್ಕೆ ಇಳಿಯುವುದಿಲ್ಲ, ರೋಗನಿರೋಧಕ ಶಕ್ತಿಯ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೇ ಕೆಂಪಿಲ್ಲ, ಉರಿಯಿಲ್ಲ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಇರುತ್ತದೆ. ಒಂದು ದಿನ ಮೈಗೆ ಅದರ ಸುಳಿವು ಸಿಕ್ಕಿದರೆ ತಾನಾಗಿಯೇ ಮಾಯ. (ನರಹುಲಿಗೆ ಉಪ್ಪು ಮೆಣಸಿನ ಹರಕೆ ಹೊತ್ತವರ ಹೆಸರೂ ಯಾಕೆ ಕೆಡುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.)

ಸರ್ಪಸುತ್ತಿನಲ್ಲಿ ಎರಡೂ ಇದೆ. ವೈರಸ್ ಚರ್ಮದ ಕೋಶಗಳನ್ನು ಒಡೆಯುತ್ತದೆ, ಅದನ್ನು ತಡೆಯಲು ಬಂದ ನಮ್ಮ ಕೋಶಗಳಿಂದ ಕೆಂಪು, ಊತ, ಬಿಸಿ. ಟ್ಯೂಬಿನ ಸ್ಟೀರಾಯ್ಡ್ ಇಳಿಸುವುದು ಈ ಕೆಂಪನ್ನಷ್ಟೇ, ವೈರಸ್ಸನ್ನಲ್ಲ. ಈ ಊತ ಚರ್ಮದಲ್ಲಷ್ಟೇ ಆದರೆ ಚಿಂತೆ ಇರಲಿಲ್ಲ, ಚರ್ಮ ಮತ್ತೆ ಹುಟ್ಟುತ್ತದೆ. ಅದೇ ಊತ ನರದ ಗಂಟಿನೊಳಗೂ ಆಗುತ್ತಿರುತ್ತದೆ. ಅಲ್ಲಿ ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಬಟ್ಟೆ ತಾಗಿದ್ದನ್ನು ಬಟ್ಟೆ ತಾಗಿತು ಅಂತ ಹೇಳಬೇಕಾದ ನರ, ಬೆಂಕಿ ತಾಗಿತು ಅಂತ ಮಿದುಳಿಗೆ ಹೇಳತೊಡಗುತ್ತದೆ. ಗುಳ್ಳೆ ಮಾಯ್ದು ಮೂರು ತಿಂಗಳಾದರೂ ಉಳಿಯುವ ನೋವು ಇದೇ. ಐವತ್ತು ದಾಟಿದವರಲ್ಲಿ ಜಾಸ್ತಿ, ಎಪ್ಪತ್ತು ದಾಟಿದವರಲ್ಲಿ ಇನ್ನೂ ಜಾಸ್ತಿ. ಮಾಮೂಲಿ ಪ್ಯಾರಾಸಿಟಮಾಲ್ ಇದಕ್ಕೆ ಸಾಲುವುದಿಲ್ಲ. ನರದ ನೋವಿಗೆಂದೇ ಗ್ಯಾಬಪೆಂಟಿನ್, ಪ್ರೆಗಾಬಲಿನ್, ಅಮಿಟ್ರಿಪ್ಟಿಲಿನ್ ಅಂತ ಬೇರೆ ಮಾತ್ರೆಗಳಿವೆ, ಡಾಕ್ಟರು ಸಣ್ಣ ಪ್ರಮಾಣದಿಂದ ಶುರು ಮಾಡುತ್ತಾರೆ. ಮನೆಯಲ್ಲಿ ಯಾರಾದರೂ ಹಿರಿಯರು "ಹುಣ್ಣು ವಾಸಿಯಾಯ್ತು, ಉರಿ ಹೋಗಿಲ್ಲ" ಅಂದರೆ ದಯವಿಟ್ಟು ಅವರನ್ನು ನಂಬಿ. ಕಣ್ಣಿಗೆ ಏನೂ ಕಾಣುವುದಿಲ್ಲ ಅಂತ ನಾಟಕ ಅನ್ನಬೇಡಿ.

ಹಾಗಾದರೆ ಮಾಡಬೇಕಾದ್ದು ಏನು? ಗುಳ್ಳೆ ಕಂಡ 72 ಗಂಟೆಯೊಳಗೆ ವೈರಸ್ ತಡೆಯುವ ಮಾತ್ರೆ ಶುರುವಾಗಬೇಕು. ನನ್ನ ಇಡೀ ಬರಹದ ಹಟ ಇದೊಂದೇ. ಅಸೈಕ್ಲೋವಿರ್ ಆದರೆ ದಿನಕ್ಕೆ ಐದು ಸಲ, ವ್ಯಾಲಸೈಕ್ಲೋವಿರ್ ಆದರೆ ಮೂರು ಸಲ, ಸಾಮಾನ್ಯವಾಗಿ ಏಳು ದಿನ. ಎಷ್ಟು ಮಿಲಿಗ್ರಾಂ ಅಂತ ಡಾಕ್ಟರೇ ಹೇಳಬೇಕು, ಕಿಡ್ನಿ ತೊಂದರೆ ಇದ್ದವರಿಗೆ ಕಡಿಮೆ ಮಾಡುತ್ತಾರೆ. ಅಸೈಕ್ಲೋವಿರ್ ಮುಲಾಮು ಸಾಲುವುದಿಲ್ಲ, ಕಾಯಿಲೆ ನರದಲ್ಲಿದೆ, ಮಾತ್ರೆಯೇ ಬೇಕು. ಈ ಔಷಧಿ ಹುಟ್ಟಿದ್ದು ಗರ್ಟ್ರೂಡ್ ಎಲಿಯನ್ ಅವರ ತಂಡದಲ್ಲಿ. 1988ರಲ್ಲಿ ನೊಬೆಲ್ ಹಂಚಿಕೊಂಡ ಹೆಣ್ಣುಮಗಳು. ಇದರ ಜಾಣತನ ನೋಡಿ: ಮಾತ್ರೆ ನುಂಗಿದರೆ ಮೈಯಲ್ಲಿ ಅದು ಸುಮ್ನೆ ಇರುತ್ತದೆ. ವೈರಸ್ ಹೊಕ್ಕ ಕೋಶದೊಳಗೆ ಹೋದಾಗ, ವೈರಸ್ಸಿನದ್ದೇ ಒಂದು ಕಿಣ್ವ ಅದನ್ನು ಚಾಲೂ ಮಾಡುತ್ತದೆ. ಆಮೇಲೆ ವೈರಸ್ ತನ್ನ ನಕಲು ಮಾಡಿಕೊಳ್ಳಲು ಆಗುವುದಿಲ್ಲ. ಆದರೆ ನಕಲು ಮಾಡಿ ಮುಗಿಸಿದ ಮೇಲೆ ಕೊಟ್ಟರೆ ಏನು ಪ್ರಯೋಜನ? ಕೆಮ್ಮಣ್ಣಿಗೆ ಎರಡು ದಿನ, ಟ್ಯೂಬಿಗೆ ಎರಡು ದಿನ, ಅಮಾವಾಸ್ಯೆ ಕಳೆಯಲಿ ಅಂತ ಒಂದು ದಿನ. ನಾಲ್ಕು ಜನ ಒಳ್ಳೆಯದು ಬಯಸುವವರು ಸೇರಿಯೇ ಆ 72 ಗಂಟೆ ಕಳೆದುಬಿಡುತ್ತೇವೆ. ತಡವಾಗಿದ್ದರೂ ಹೊಸ ಗುಳ್ಳೆ ಇನ್ನೂ ಏಳುತ್ತಿದ್ದರೆ ಡಾಕ್ಟರ ಹತ್ತಿರ ಹೋಗಿ, ಮಾತ್ರೆ ಕೊಡುತ್ತಾರೆ.

ಮುಖದ ಮೇಲೆ ಬಂದರೆ ಗಂಟೆ ಲೆಕ್ಕವನ್ನೂ ಹಾಕಬೇಡಿ, ಕೂಡಲೇ ಹೊರಡಿ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡಿತೆಂದರೆ ಕಣ್ಣಿಗೂ ಇಳಿದಿರುವ ಸಾಧ್ಯತೆ ಜಾಸ್ತಿ. ಮೂಗಿನ ತುದಿಗೂ ಕಣ್ಣಿಗೂ ಒಂದೇ ನರದ ಕವಲು ಹೋಗುತ್ತದೆ. ಬಿಟ್ಟರೆ ದೃಷ್ಟಿಗೇ ಕುತ್ತು. ಕಿವಿಯ ಹತ್ತಿರ ಗುಳ್ಳೆ ಎದ್ದು ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಅದನ್ನೂ ವಾಯು ಅಂತ ಬಿಡಬೇಡಿ.

ಅಂಟುತ್ತದಾ ಅಂತ ಎಲ್ಲರೂ ಕೇಳುತ್ತಾರೆ. ಸರ್ಪಸುತ್ತಿನವರಿಂದ ಸರ್ಪಸುತ್ತು ಅಂಟುವುದಿಲ್ಲ. ಗುಳ್ಳೆಯ ನೀರು ತಾಗಿದರೆ, ಸೀತಾಳೆ ಆಗದೇ ಇರುವವರಿಗೆ, ಲಸಿಕೆಯೂ ಆಗದಿದ್ದವರಿಗೆ, ಸೀತಾಳೆ ಬರಬಹುದು. ಹಕ್ಕಳೆ ಕಟ್ಟುವವರೆಗೆ ಗುಳ್ಳೆ ಮುಚ್ಚಿಡಿ, ಬಸುರಿಯರು ಮತ್ತು ಎಳೆಕೂಸುಗಳಿಂದ ದೂರ ಇರಿ. ಅಷ್ಟು ಸಾಕು. ತಟ್ಟೆ ಲೋಟ ಬೇರೆ ಇಟ್ಟು ಮೂಲೆಗೆ ಕೂರಿಸುವ ಅಗತ್ಯ ಇಲ್ಲ.

ಇನ್ನು ಸರ್ಪಸುತ್ತಿನದ್ದೇ ಲಸಿಕೆ. ಶಿಂಗ್ರಿಕ್ಸ್ ಅಂತ ಹೆಸರು, 2017ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2023ರಿಂದ ನಮ್ಮಲ್ಲೂ ಸಿಗುತ್ತಿದೆ. ಜೀವಂತ ವೈರಸ್ ಇಲ್ಲ, ಅದರ ಒಂದು ಪ್ರೋಟೀನ್ ಮಾತ್ರ. ಐವತ್ತು ದಾಟಿದವರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ತಡೆಯಿತು. ಎರಡು ಡೋಸ್. ತೋಳು ನೋಯುತ್ತದೆ, ಒಂದೆರಡು ದಿನ ಜ್ವರ ಮೈಕೈ ನೋವು ಬರಬಹುದು. ತೊಂದರೆ ಇರುವುದು ಬೆಲೆಯಲ್ಲಿ. ಒಂದು ಡೋಸಿಗೇ ಸಾವಿರಾರು ರೂಪಾಯಿ, ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇಲ್ಲ. ಎಲ್ಲರೂ ಹಾಕಿಸಿ ಅಂತ ಹೇಳುವ ಧೈರ್ಯ ನನಗಿಲ್ಲ. ಆದರೆ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದು, ಕೈಯಲ್ಲಿ ಸ್ವಲ್ಪ ದುಡ್ಡೂ ಇದ್ದರೆ ಡಾಕ್ಟರನ್ನು ಕೇಳಿ ಅಂತ ಮಾತ್ರ ಹೇಳುತ್ತೇನೆ. ಸರ್ಪದೋಷಕ್ಕೆ ಅಂತ ಸುಬ್ರಹ್ಮಣ್ಯಕ್ಕೆ ಕಾರು ಮಾಡಿಕೊಂಡು ಹೋಗುವ ಖರ್ಚಿನ ಪಕ್ಕದಲ್ಲಿ ಇಟ್ಟು ನೋಡಿದರೆ ಅಷ್ಟೇನೂ ಹೆಚ್ಚು ಅನ್ನಿಸಲಿಕ್ಕಿಲ್ಲ. ಸುಬ್ರಹ್ಮಣ್ಯಕ್ಕೂ ಹೋಗಿ, ಬೇಡ ಅಂದವರು ಯಾರು?

ಅತ್ತೆಯ ಪಾಡು ಕಂಡ ಮೇಲೆ ಅವರ ತಂಗಿಗೆ ಫೋನ್ ಮಾಡಿ ಇದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಆಯ್ತು ಕಣೇ, ಹಾಕಿಸ್ಕೋತೀನಿ. ಆದ್ರೆ ನಾಗರ ಪಂಚಮಿ ಕಳೀಲಿ, ಹುತ್ತಕ್ಕೆ ಹಾಲೆರೆದು ಬಂದು ಆಮೇಲೆ ಸೂಜಿ" ಅಂದರು. ನಾನು ಚಕಾರ ಎತ್ತಲಿಲ್ಲ. ಎರಡನೇ ಡೋಸನ್ನು ಎರಡರಿಂದ ಆರು ತಿಂಗಳ ಒಳಗೆ ಹಾಕಿಸಬೇಕು, ದೀಪಾವಳಿ ಹೊತ್ತಿಗೆ ಬರುತ್ತದೆ. ಹಬ್ಬಕ್ಕೆ ನಮ್ಮ ಮನೆಗೇ ಬನ್ನಿ, ಕ್ಲಿನಿಕ್ ಪಕ್ಕದ ರಸ್ತೆಯಲ್ಲೇ ಇದೆ ಅಂತ ಈಗಲೇ ಹೇಳಿಟ್ಟಿದ್ದೇನೆ.